ಬಳ್ಳಾರಿಯ ವರದಿಯೂ ಓದಿನ ಪಾಠವೂ

ಓದುವ ಶಕ್ತಿ ಸಮನಾಗಿಲ್ಲದ ಮಕ್ಕಳನ್ನು ಒಂದೇ ತರಗತಿಯಲ್ಲಿಟ್ಟುಕೊಂಡು ಪಾಠ ಹೇಳುವುದೆಂತು ಎಂಬ ಚರ್ಚೆ ನಡೆದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಅವರು 1823ನೆಯ ಆಗಸ್ಟ್ 17ರಂದು ಬರೆದ ವರದಿಯನ್ನು ಉದಾಹರಿಸುವವರುಂಟು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತೊಡಗಿಸಿದ ವಿಚಾರಣೆಗೆ ಉತ್ತರವಾಗಿ ಬಂದ ಬರಹವಿದು. ಧರ್ಮಪಾಲರು 1983ರಲ್ಲಿ ತಮ್ಮ ಗ್ರಂಥದಲ್ಲಿ ಇದನ್ನು ಮುದ್ರಿಸಿದ ಬಳಿಕ ಇದು ಸುಲಭವಾಗಿ ದೊರೆಯುತ್ತದೆ. ಆದರೂ ಇದರ ಅರ್ಧವನ್ನಷ್ಟೇ ಓದಲಾಗುತ್ತಿದೆಯೆಂಬುದು ನಮ್ಮ ಆಕ್ಷೇಪ.

ಎಲ್ಲರೂ ಮೆಚ್ಚುವ ಅರ್ಧ ಇಂತಿದೆ: ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿಯುತ್ತಿದ್ದರು; ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳು; ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು; ಯೋಗ್ಯತೆ ಬೆಳೆದಂತೆ ಹುಡುಗನು ಮೇಲಿನ ವರ್ಗಕ್ಕೆ ಏರುತ್ತಿದ್ದನು. ಈ ಕ್ರಮವನ್ನು ಕ್ಯಾಂಬೆಲ್ ಮನಸಾರೆ ಹೊಗಳಿದ್ದಾರೆ. ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ 1797ರಲ್ಲಿ ಇಂಥದೇ ಕ್ರಮವನ್ನು ಲಂಡನ್ನಿನಲ್ಲಿ ಪ್ರಕಟಿಸಿದುದು ಪ್ರಸಿದ್ಧವೇ ಆಗಿದೆ.

ಇನ್ನು ಉಳಿದರ್ಧ. ಆ ಶಾಲೆಗಳ ಮುಖ್ಯ ದೋಷ ಅಲ್ಲಿ ಓದಿಸುವ ಪುಸ್ತಕಗಳಲ್ಲಿದೆ, ಸಮರ್ಥ ಗುರುಗಳ ಕೊರತೆಯಲ್ಲಿದೆ ಎಂದು ಅದೇ ಕ್ಯಾಂಬೆಲ್ ಬರೆಯುತ್ತಾರೆ. ಪುಸ್ತಕಗಳೆಲ್ಲ ಕಾವ್ಯಭಾಷೆಯವು; ಮನೆಮಾತೇ ಬೇರೆ. ಎರಡಕ್ಕೂ ಲಿಪಿ ಒಂದೇ ಆದ್ದರಿಂದ ಒಂದನ್ನು ಓದಬಲ್ಲವನು ಇನ್ನೊಂದನ್ನೂ ಓದಿಯಾನು, ಆದರೆ ತಿಳಿಯಲಾರನು. ಹುಡುಗರು ನೂರಾರು ಪದ್ಯಗಳನ್ನು ಗಿಣಿಯಂತೆ ಒಪ್ಪಿಸುತ್ತಿದ್ದರು. ಅರ್ಥ ಹೇಳಬಲ್ಲ ಗುರುಗಳೇ ವಿರಳ. 1816ರಲ್ಲಿ ತೆಲುಗು ವ್ಯಾಕರಣವನ್ನು ಹೊರತಂದವರ ಮಾತಿದು. ದೇಶಭಾಷೆ ತಿಳಿಯದ ಅಧಿಕಾರಿಯ ತಾತ್ಸಾರವೆಂದು ತಳ್ಳಿಹಾಕುವಂತಿಲ್ಲ. ಗುಂಪುಗಳ ಏರ್ಪಾಡು ಎಷ್ಟೇ ಸೊಗಸಾಗಿರಲಿ, ಅರ್ಥವಾಗದ ಪಠ್ಯವನ್ನು ಅದು ಅರ್ಥಮಾಡಿಸಿಕೊಡಲಿಲ್ಲ.

ಸಂಖ್ಯೆಗಳನ್ನೂ ಮರೆಯಬಾರದು. 533 ಶಾಲೆಗಳಿಗೆ 6,641 ವಿದ್ಯಾರ್ಥಿಗಳು, ಎಂದರೆ ಶಾಲೆಗೆ ಹನ್ನೆರಡು ಹದಿಮೂರು ಮಂದಿ. ಅವರಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಇಷ್ಟು ಸೋಸಿದ ಶಾಲೆಯಲ್ಲಿ ನಡೆದುದು ಎಲ್ಲರಿಗೂ ಬಾಗಿಲು ತೆರೆದ ಇಂದಿನ ತರಗತಿಯಲ್ಲಿ ಹಾಗೆಯೇ ನಡೆದೀತೆಂದು ನಂಬುವುದು ಇತಿಹಾಸಜ್ಞರಿಗೆ ಒಪ್ಪುವ ಮಾತಲ್ಲ.

ಈಚೆಗೆ ನಾವು ಒಂದು ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿಯಲ್ಲಿ ಕುಳಿತಿದ್ದೆವು. ವಿಜಯನಗರದ ಅಮರನಾಯಕರ ಪಾಠ. ಮಕ್ಕಳನ್ನು ಓದಿನ ವೇಗಕ್ಕನುಗುಣವಾಗಿ ಮೂರು ಗುಂಪು ಮಾಡಿದ್ದರು. ಮೊದಲ ಗುಂಪಿನ ಹುಡುಗನೊಬ್ಬ ಎಲ್ಲಿಯೂ ತಡೆಯದೆ ಓದಿದನು. ಅಮರನಾಯಕ ಎಂದರೇನೆಂದು ಕೇಳಿದುದಕ್ಕೆ "ಸಾವಿಲ್ಲದ ನಾಯಕ" ಎಂದನು. ಪದಕ್ಕೆ ನ್ಯಾಯವಾದ ಅರ್ಥವೇ, ಪಾಪ! ಕೊನೆಯ ಗುಂಪಿನ ಹುಡುಗಿ ಒತ್ತಕ್ಷರಗಳಲ್ಲಿ ಎಡವುತ್ತ, ಬೆರಳಿಟ್ಟು ಓದಿದವಳು, "ದಂಡು ಕಳಿಸಬೇಕು ಅಂತ ರಾಜ ಭೂಮಿ ಕೊಟ್ಟಿದ್ದು ಅಲ್ಲವಾ ಸಾರ್?" ಎಂದು ತಾನೇ ಕೇಳಿದಳು.

ಸಾಮಂತ, ದತ್ತಿ, ಉಂಬಳಿ, ಕಂದಾಯ: ನಮ್ಮ ವಿಷಯದ ಈ ಪದಗಳೇ ಆ ಮಕ್ಕಳಿಗೆ ಕ್ಯಾಂಬೆಲ್ ಹೇಳಿದ ಎರಡನೆಯ ಭಾಷೆ. ಓದು ಕಲಿಸುವುದು ಕನ್ನಡದ ಉಪಾಧ್ಯಾಯರ ಕೆಲಸವೆಂದು ಇತಿಹಾಸದವರಾದ ನಾವು ಕೈತೊಳೆದುಕೊಂಡಿದ್ದೇವೆ. ಈ ತಪ್ಪಿನಲ್ಲಿ ನಮಗೂ ಪಾಲುಂಟು. ಪಾಠ ತೆರೆಯುವ ಮೊದಲು ಇಂಥ ನಾಲ್ಕೈದು ಪದಗಳನ್ನು ಊರಿನ ಉದಾಹರಣೆಯೊಂದಿಗೆ ಬಾಯಿಮಾತಿನಲ್ಲಿ ಬಿಡಿಸಿ, ಬಳಿಕ ಓದಿಸಿದರೆ ಎಡವುವ ಮಗುವಿಗೂ ದಾರಿ ಕಾಣುತ್ತದೆ, ಓಡುವ ಮಗುವೂ ನಿಂತು ನೋಡುತ್ತದೆ.

ಆ ಹುಡುಗಿಯನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಉಪಾಧ್ಯಾಯರು ನಮ್ಮನ್ನು ಕೇಳಿದರು. ಅರ್ಥ ಚರ್ಚಿಸುವಾಗ ಮೊದಲನೆಯದಕ್ಕೆ ಎಂದೆವು; ಒತ್ತಕ್ಷರಗಳ ಅಭ್ಯಾಸಕ್ಕೆ ದಿನವೂ ಹತ್ತು ನಿಮಿಷ ಬೇರೆ ಕೊಡಿ ಎಂದೂ ಹೇಳಿದೆವು.