ಟಿಕೆಟ್ಟಿನ ಭೂಗೋಳ: ಬೆಂಗಳೂರಿನ ರಂಗಮಂದಿರ ಮತ್ತು ಕೊಂಗುನಾಡಿನ ಕನ್ನಡ ಪ್ರೇಕ್ಷಕ

ಕನ್ನಡ ರಂಗವಿಮರ್ಶೆಯು ನಾಟಕಕೃತಿ, ನಿರ್ದೇಶನ, ಅಭಿನಯ, ರಂಗಸಂಗೀತಗಳನ್ನು ಕುರಿತು ಸಾಕಷ್ಟು ಬರೆದಿದೆ. ಟಿಕೆಟ್ಟನ್ನು ಕುರಿತು ಬರೆದುದು ಕಡಿಮೆ. ಅದು ವ್ಯವಸ್ಥಾಪಕರ ಲೆಕ್ಕಪುಸ್ತಕಕ್ಕೆ ಸೇರಿದ ಸಂಗತಿಯೆಂಬ ಭಾವನೆ ಬೇರೂರಿದೆ. ಆದರೆ ಪ್ರೇಕ್ಷಕ ಯಾರು, ಅವನು ಎಲ್ಲಿ ಕೂರಬೇಕು, ಎಷ್ಟು ಹೊತ್ತಿಗೆ ಬರಬೇಕು, ಅವನ ಭಾಷೆ ಯಾವುದಿರಬೇಕು ಎಂಬುದನ್ನೆಲ್ಲ ಪರದೆ ಏಳುವ ಮೊದಲೇ ತೀರ್ಮಾನಿಸುವುದು ಟಿಕೆಟ್ಟೇ. ಬೆಂಗಳೂರಿನ ಹೊಸ ರಂಗಪ್ರಯೋಗಗಳ ಯಶಸ್ಸನ್ನು ಬೆಂಗಳೂರಿನಲ್ಲಿಯೇ ನಿಂತು ಅಳೆದಾಗ ಈ ತೀರ್ಮಾನಗಳು ಕಣ್ಣಿಗೆ ಬೀಳುವುದಿಲ್ಲ. ಅವನ್ನು ಕಾಣಲು ಕನ್ನಡದ ಹೊರಅಂಚಿಗೆ ಹೋಗಬೇಕಾಗುತ್ತದೆ.

ಅಂಥ ಒಂದು ಅಂಚು ವೆಳ್ಳಕೋಯಿಲ್. ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳಿಂದ 2009ರಲ್ಲಿ ರೂಪುಗೊಂಡ ತಿರುಪ್ಪೂರು ಜಿಲ್ಲೆಯ ಈ ಪಟ್ಟಣ ಕೊಂಗುನಾಡಿನ ಮಗ್ಗದ ಊರುಗಳ ಸಾಲಿನಲ್ಲಿದೆ. ಈ ಸೀಮೆಯಲ್ಲಿ ದೇವಾಂಗರೇ ಮೊದಲಾದ ಸಮುದಾಯಗಳ ಮನೆಮಾತಾಗಿ ಕನ್ನಡ ಉಳಿದುಬಂದಿದೆ. ಶಾಲೆ, ಸಂತೆ, ಕಚೇರಿಗಳ ಭಾಷೆ ತಮಿಳು. ತಮಿಳು ಕಲಿಕೆಯನ್ನು ಕಡ್ಡಾಯಗೊಳಿಸಿದ 2006ರ ಕಾಯಿದೆಗೆ ಬಹಳ ಮೊದಲೇ ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಕನ್ನಡ ಲಿಪಿಯ ನಂಟು ಕಡಿದಿತ್ತು. ಹೀಗೆ ಲಿಪಿ ಕಳೆದುಕೊಂಡ ಕನ್ನಡಿಗನಿಗೆ ಕುವೆಂಪು ಅವರ ಕಾದಂಬರಿಯ ಪುಟ ಮುಚ್ಚಿದ ಬಾಗಿಲು. ಅದೇ ಕಾದಂಬರಿ ರಂಗದ ಮೇಲೆ ಮಾತಾಗಿ ಬಂದರೆ ಬಾಗಿಲು ತೆರೆಯುತ್ತದೆ. ಓದಬಲ್ಲವರಿಗೆ ನಾಟಕವು ಸಾಹಿತ್ಯದ ಹಲವು ದಾರಿಗಳಲ್ಲಿ ಒಂದು. ಕೇಳಿಯಷ್ಟೇ ಕನ್ನಡ ಬಲ್ಲವರಿಗೆ ಉಳಿದಿರುವ ಕೆಲವೇ ದಾರಿಗಳಲ್ಲಿ ಒಂದು. ನಾಟಕದ ಟಿಕೆಟ್ಟು ಯಾರ ಕೈಗೆ ಸಿಗುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಬೇರೆಯೇ ತೂಕ ಬರುವುದು ಈ ಕಾರಣದಿಂದ.

1

1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯೂ ಅದರ ಜೊತೆಯ, ಅನಂತರದ ವೃತ್ತಿನಾಟಕ ಮಂಡಳಿಗಳೂ ಟಿಕೆಟ್ಟನ್ನು ಊರಿಂದೂರಿಗೆ ಹೊತ್ತೊಯ್ದವು. ಡೇರೆ ಎದ್ದ ಕಡೆ ಟಿಕೆಟ್ಟಿನ ಕಿಂಡಿ; ಕರಪತ್ರವೂ ಡೋಲಿನ ಸದ್ದೂ ಸುತ್ತಣ ಹಳ್ಳಿಗಳಿಗೆ. ನೆಲ, ಬೆಂಚು, ಕುರ್ಚಿ ಎಂಬ ದರ್ಜೆಗಳು ಪ್ರೇಕ್ಷಕರನ್ನು ಬೇರ್ಪಡಿಸಿದರೂ ಒಂದೇ ಛಾವಣಿಯಡಿ ಕೂಡಿಸಿದವು. ನೆಲದ ಟಿಕೆಟ್ಟಿನವನ ಸಿಳ್ಳೆ ಮತ್ತು ‘ಒನ್ಸ್ ಮೋರ್’ ಕೂಗಿಗೆ ನಟ ಓಗೊಡಬೇಕಿತ್ತು. ಕೊನೆಯ ದರ್ಜೆಯ ಪ್ರೇಕ್ಷಕನೂ ಪ್ರದರ್ಶನದ ಲಯವನ್ನು ನಿರ್ಣಯಿಸಬಲ್ಲವನಾಗಿದ್ದ.

ಕೊಯಮತ್ತೂರು ಸೀಮೆಗೂ ಈ ಲೋಕಕ್ಕೂ ಇದ್ದ ಸಂಬಂಧಕ್ಕೆ ದೊಡ್ಡ ಸಾಕ್ಷಿ ರಾಜಕುಮಾರ್ ಅವರ ಜೀವನವೇ. ಅವರು 1929ರಲ್ಲಿ ಹುಟ್ಟಿದ ಗಾಜನೂರು ಅಂದಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದು ಅದು ಈರೋಡು ಜಿಲ್ಲೆಯ ತಾಳವಾಡಿ ಭಾಗದಲ್ಲಿದೆ. ತಂದೆ ಪುಟ್ಟಸ್ವಾಮಯ್ಯನವರ ಹೆಸರಿನೊಡನೆ ಬೆಸೆದ ಸಿಂಗಾನಲ್ಲೂರು ಕೊಳ್ಳೇಗಾಲ ಸೀಮೆಯದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ತಂದೆ ಮಗ ಇಬ್ಬರೂ ಗುಬ್ಬಿ ಕಂಪನಿಯ ರಂಗದಲ್ಲಿ ಬೆಳಗಿದವರು. ಆಡಳಿತದ ನಕಾಶೆ ಮದರಾಸು ಪ್ರಾಂತ್ಯವೆಂದು ಗುರುತಿಸಿದ್ದ ನೆಲವನ್ನು ಕನ್ನಡ ರಂಗಭೂಮಿ ತನ್ನ ಹೊರಗಿನದೆಂದು ಭಾವಿಸಿರಲಿಲ್ಲ.

ಆದರೂ ಕಂಪನಿಯ ಕಾಲವನ್ನು ಸುವರ್ಣಯುಗವೆಂದು ಹಾಡುವುದು ವಿಮರ್ಶೆಯಾಗದು. ಗುಬ್ಬಿ ಕಂಪನಿ ಕನ್ನಡದ ಜೊತೆಗೆ ತಮಿಳು, ತೆಲುಗುಗಳಲ್ಲಿಯೂ ನಾಟಕವಾಡಿತು. ಅದರಲ್ಲಿ ಕಲಾವಿದರ ಬಹುಭಾಷಾ ಸಾಮರ್ಥ್ಯವಿದೆ, ಗಲ್ಲಾಪೆಟ್ಟಿಗೆಯ ತರ್ಕವೂ ಇದೆ: ಟಿಕೆಟ್ಟನ್ನೇ ನೆಚ್ಚಿದ ಕಂಪನಿ ಊರಿನ ಬಹುಸಂಖ್ಯಾತರ ಭಾಷೆಗೆ ಬಾಗಲೇಬೇಕು. ಸಂಚಾರವಿದ್ದ ಮಾತ್ರಕ್ಕೆ ಅಲ್ಪಸಂಖ್ಯಾತ ಭಾಷಿಕನಿಗೆ ಅವನ ಭಾಷೆಯ ನಾಟಕ ಸಿಕ್ಕೇ ಸಿಗುತ್ತಿತ್ತು ಎನ್ನುವಂತಿಲ್ಲ.

2

1963ರಲ್ಲಿ ರವೀಂದ್ರ ಕಲಾಕ್ಷೇತ್ರ ತೆರೆದ ಮೇಲೆ ಬೆಂಗಳೂರಿನ ಹವ್ಯಾಸಿ ರಂಗಭೂಮಿಗೆ ಸ್ಥಿರವಾದ ನೆಲೆ ಸಿಕ್ಕಿತು. 1972ರಲ್ಲಿ ಅದರ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರು ಆಡಿಸಿದ ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’, ‘ಈಡಿಪಸ್’ ಹೊಸ ಪ್ರೇಕ್ಷಕವರ್ಗವನ್ನು ಸೃಷ್ಟಿಸಿದವು. ಜೊತೆಜೊತೆಗೆ ಸರ್ಕಾರದ ಪ್ರಾಯೋಜನೆ, ಉಚಿತ ಪ್ರವೇಶ, ಪಾಸು ಎಂಬ ಸಂಸ್ಕೃತಿಯೂ ಬೆಳೆಯಿತು. ಪಾಸು ದುಡ್ಡು ಕೇಳುವುದಿಲ್ಲ, ಪರಿಚಯ ಕೇಳುತ್ತದೆ. ನಗರದ ಸಾಂಸ್ಕೃತಿಕ ವಲಯದ ಹೊರಗಿನವನಿಗೆ ಅದು ಟಿಕೆಟ್ಟಿಗಿಂತ ದುಬಾರಿ.

2004ರಲ್ಲಿ ಜೆ.ಪಿ. ನಗರದಲ್ಲಿ ಅರುಂಧತಿ ನಾಗ್ ಅವರ ಮುಂದಾಳುತನದಲ್ಲಿ ತೆರೆದ ರಂಗಶಂಕರವು ಈ ಸಡಿಲತೆಗೆ ಕೊಟ್ಟ ಉತ್ತರವೆಂದು ಓದಬಹುದು. ಸೋಮವಾರ ಬಿಟ್ಟು ದಿನವೂ ನಾಟಕ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ ಎಂಬ ಶಿಸ್ತು, ತಂಡಗಳಿಗೆ ಕೈಗೆಟಕುವ ಬಾಡಿಗೆ: ಇವು ನಾಟಕ ನೋಡುವುದನ್ನು ಕೃಪೆಯ ವಲಯದಿಂದ ಹಕ್ಕಿನ ವಲಯಕ್ಕೆ ತಂದವು. ಟಿಕೆಟ್ಟು ಕೊಂಡವನು ಯಾರ ಪರಿಚಯವೂ ಇಲ್ಲದೆ ಒಳಹೋಗಬಲ್ಲ. ಈ ಸಾಧನೆ ಸಣ್ಣದಲ್ಲ. ಆದರೆ ಆ ಶಿಸ್ತು ಊಹಿಸುವ ಪ್ರೇಕ್ಷಕ ಸಂಜೆ ಕೆಲಸ ಮುಗಿಸಿ ಬಂದು, ರಾತ್ರಿ ತನ್ನ ಮನೆಗೆ ಮರಳಬಲ್ಲ ನಗರವಾಸಿ.

3

ಸಿ. ಬಸವಲಿಂಗಯ್ಯ ನಿರ್ದೇಶಿಸಿದ ‘ಮಲೆಗಳಲ್ಲಿ ಮದುಮಗಳು’ ಈ ಊಹೆಯನ್ನು ಒಂದು ಬದಿಯಲ್ಲಿ ಮುರಿಯಿತು. ಕುವೆಂಪು ಅವರ 1967ರ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗಕ್ಕೆ ಅಳವಡಿಸಿದರು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, ಬಳಿಕ ಬೆಂಗಳೂರಿನ ಕಲಾಗ್ರಾಮದಲ್ಲಿ ರಾತ್ರಿಯಿಡೀ ನಡೆದ ಸುಮಾರು ಒಂಬತ್ತು ಗಂಟೆಗಳ ಈ ಪ್ರಯೋಗದಲ್ಲಿ ಪ್ರೇಕ್ಷಕರು ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ನಡೆಯಬೇಕು. ಬೆಳಗಿನವರೆಗೆ ನಡೆಯುವ ನಾಟಕಕ್ಕೆ ಪರಊರಿನವನೂ ಬರಬಹುದು. ಅವನಿಗೆ ರಾತ್ರಿ ತಂಗುವ ಚಿಂತೆ ಇಲ್ಲ. ನಗರದ ಗಡಿಯಾರಕ್ಕೆ ಹೊಂದದ ಬಯಲಾಟದ ಕಾಲಮಾನವನ್ನು ನಗರಕ್ಕೇ ತಂದುದು ಈ ಪ್ರಯೋಗದ ದೊಡ್ಡ ಗುಣ.

ಆದರೆ ಇಲ್ಲೊಂದು ವಿಪರ್ಯಾಸವಿದೆ. ಈ ನಾಟಕದ ಕಥೆಯನ್ನು ನಿರೂಪಿಸುವವರು ಜೋಗಿ, ಹೆಳವ ಮುಂತಾದ ಅಲೆಮಾರಿಗಳು. ಮನೆಬಾಗಿಲಿಗೆ ಕಥೆಯನ್ನು ಹೊತ್ತು ತರುವುದೇ ಅವರ ಕುಲವೃತ್ತಿ. ಅಂಥ ನಿರೂಪಕರುಳ್ಳ ಪ್ರಯೋಗವು ತನ್ನ ಗಾತ್ರದಿಂದಾಗಿಯೇ ಸಂಚರಿಸಲಾರದು. ನಾಲ್ಕು ರಂಗಸ್ಥಳಗಳು, ದೊಡ್ಡ ತಾರಾಗಣ, ವಿಶಾಲವಾದ ಬಯಲು ಎಲ್ಲವೂ ಪ್ರೇಕ್ಷಕನೇ ಅದರ ಬಳಿಗೆ ಬರಬೇಕೆನ್ನುತ್ತವೆ. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಪ್ರಕಾಶ್ ಬೆಳವಾಡಿ ಅವರು 2021ರಲ್ಲಿ ರಂಗಾಯಣಕ್ಕೆ ನಿರ್ದೇಶಿಸಿದ ‘ಪರ್ವ’ವೂ ದೀರ್ಘ ಪ್ರದರ್ಶನದ ಈ ಮಾದರಿಯನ್ನೇ ಮುಂದುವರಿಸಿತು. ಮಹಾಕಾದಂಬರಿಗಳು ಮಹಾಪ್ರಯೋಗಗಳಾದಂತೆ, ಓದಲಾರದವನಿಗೆ ತೆರೆದ ಬಾಗಿಲು ಅವನಿಂದ ದೂರ ಸರಿಯಿತು.

4

ಆನ್‌ಲೈನ್ ಟಿಕೆಟ್ಟು ದೂರವನ್ನು ಅಳಿಸುತ್ತದೆಂಬ ಮಾತಿದೆ. ಕಿಂಡಿಯ ಮುಂದಿನ ಸಾಲನ್ನು ಅದು ಅಳಿಸಿರುವುದು ನಿಜ. ಆದರೆ ಜನಪ್ರಿಯ ಟಿಕೆಟ್ ಆ್ಯಪ್ ಮೊದಲು ಕೇಳುವುದು ಊರಿನ ಹೆಸರನ್ನು. ಭಾಷೆಯ ಆಯ್ಕೆ ಬರುವುದು ಆಮೇಲೆ. ಕೊಯಮತ್ತೂರನ್ನು ಆರಿಸಿಕೊಂಡ ಕನ್ನಡಿಗನ ಮುಂದೆ ಬೆಂಗಳೂರಿನ ಕನ್ನಡ ನಾಟಕ ತಾನಾಗಿ ಬಂದು ನಿಲ್ಲುವುದಿಲ್ಲ. ಕಂಪನಿಯ ಕಾಲದಲ್ಲಿ ಭಾಷೆ ಊರನ್ನು ಹುಡುಕಿಕೊಂಡು ಹೋಗುತ್ತಿತ್ತು. ಇಲ್ಲಿ ಊರು ಭಾಷೆಯನ್ನು ಸೋಸುತ್ತದೆ.

ಬೇರೆಡೆಯ ಅನುಭವ ಇಲ್ಲಿ ಉಪಯುಕ್ತ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 1973ರಿಂದ ಅಂದಂದಿನ ನಾಟಕಗಳ ಮಿಕ್ಕ ಟಿಕೆಟ್ಟುಗಳನ್ನು ಕಡಿತದ ಬೆಲೆಗೆ ಮಾರುವ ಕಿಂಡಿಯಿದೆ. ಅದೇ ಬ್ರಾಡ್‌ವೇಯಲ್ಲಿ 2001ರಲ್ಲಿ ‘ದ ಪ್ರೊಡ್ಯೂಸರ್ಸ್’ ಎಂಬ ಸಂಗೀತನಾಟಕದ ಆಯ್ದ ಆಸನಗಳಿಗೆ 480 ಡಾಲರ್ ಬೆಲೆ ಕಟ್ಟಲಾಯಿತು. ಬೆಲೆಯ ಏಣಿಯನ್ನು ಕೆಳಗೂ ಇಳಿಸಬಹುದು, ಮೇಲೂ ಏರಿಸಬಹುದು; ಎರಡೂ ನಗರಕ್ಕೆ ಬಂದು ತಲುಪಿದವರ ನಡುವಿನ ವ್ಯವಹಾರ. ಬೆಲೆ ಇಳಿಸಿದ ಮಾತ್ರಕ್ಕೆ ದೂರ ಕಡಿಮೆಯಾಗದು.

5

ಹಾಗಿದ್ದರೆ ಅಲ್ಪಸಂಖ್ಯಾತ ಭಾಷಿಕ ಪ್ರೇಕ್ಷಕನಿಗೆ ಯಾವ ಅರ್ಥವ್ಯವಸ್ಥೆ ಒಗ್ಗುತ್ತದೆ? ಉತ್ತರದ ಸುಳಿವು ಇನ್ನೊಂದು ಗಡಿಯಲ್ಲಿದೆ. ಕಾಸರಗೋಡು ಮತ್ತು ಕರಾವಳಿಯ ಯಕ್ಷಗಾನದಲ್ಲಿ ಎರಡು ಪದ್ಧತಿಗಳಿವೆ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳದು ಟಿಕೆಟ್ಟಿನ ಆಟ. ಹರಕೆಯ ಬಯಲಾಟದಲ್ಲಿ ಒಂದು ಮನೆಯವರೋ ಊರವರೋ ಖರ್ಚು ಭರಿಸುತ್ತಾರೆ. ನೋಡುವವರಿಗೆ ಟಿಕೆಟ್ಟಿಲ್ಲ, ಪಾಸಿಲ್ಲ. ರಾಜ್ಯದ ಗಡಿ ಬದಲಾದರೂ ಕಾಸರಗೋಡಿನ ಕನ್ನಡ ಶ್ರವಣಸಂಸ್ಕೃತಿ ಬಾಳಿಕೊಂಡು ಬಂದುದರಲ್ಲಿ ಈ ಹರಕೆಯ ಪಾಲನ್ನು ಅಲ್ಲಗಳೆಯಲಾಗದು. ಕೆ.ವಿ. ಸುಬ್ಬಣ್ಣನವರ ನೀನಾಸಮ್ 1985ರಲ್ಲಿ ಆರಂಭಿಸಿದ ತಿರುಗಾಟ ಇದೇ ತತ್ತ್ವದ ಆಧುನಿಕ ರೂಪ. ಸ್ಥಳೀಯ ಸಂಘಟಕರು ಪ್ರದರ್ಶನದ ಹೊಣೆ ಹೊರುತ್ತಾರೆ. ಹಣವನ್ನು ಟಿಕೆಟ್ಟಿನಿಂದ ಕೂಡಿಸಬೇಕೋ ದೇಣಿಗೆಯಿಂದಲೋ ಎಂಬುದು ಅವರ ವಿವೇಚನೆ. ಇಲ್ಲಿ ಟಿಕೆಟ್ಟು ಕೊಳ್ಳುವುದು ವ್ಯಕ್ತಿಯಲ್ಲ, ಊರು.

ಕೊಂಗುನಾಡಿನಲ್ಲಿ ಹಾಗೆ ಕೊಳ್ಳಬಲ್ಲ ಊರುಗಳಿವೆ. ಮನೆಮಾತಿನ ಕನ್ನಡವನ್ನು ಬಿಡದ ಕುಟುಂಬಗಳಿವೆ, ಚೌಡೇಶ್ವರಿಯ ಗುಡಿಗಳಿವೆ, ಆ ಗುಡಿಗಳಲ್ಲಿ ಹಬ್ಬಕ್ಕೆ ಕೂಡುವ ಜನವಿದೆ. ಆ ಜನಕ್ಕೆ ಬೇಕಾದುದು ಒಂಬತ್ತು ಗಂಟೆಗಳ ಮಹಾಪ್ರಯೋಗವೇ ಆಗಬೇಕಿಲ್ಲ. ಒಂದು ವ್ಯಾನಿನಲ್ಲಿ ಹಿಡಿಸುವ, ಲಿಪಿಯನ್ನು ನೆಚ್ಚದ, ಕಿವಿಗೆ ಒದಗುವ ನಾಟಕ ಸಾಕು. ಕರ್ನಾಟಕದ ಅಕಾಡೆಮಿಗಳೂ ಇಲಾಖೆಗಳೂ ಹೊರನಾಡ ಕನ್ನಡವನ್ನು ಸಮ್ಮೇಳನ, ಸನ್ಮಾನ, ಪುಸ್ತಕದಾನಗಳ ಮೂಲಕ ನೆನೆಯುವುದು ರೂಢಿ. ಅಕ್ಷರ ಓದದ ಮನೆಗೆ ಪುಸ್ತಕ ಕಳುಹಿಸುವ ವೆಚ್ಚದ ಒಂದು ಪಾಲನ್ನು ತಿರುಗಾಟದ ಒಂದು ಹೆಚ್ಚುವರಿ ನಿಲ್ದಾಣಕ್ಕೆ ಮೀಸಲಿಡುವುದು ಅಸಾಧ್ಯವೇನಲ್ಲ.

ಬೆಂಗಳೂರಿನಲ್ಲಿ ನಾಟಕವೊಂದು ಹೌಸ್‌ಫುಲ್ ಆದುದು ಆ ನಾಟಕದ ಯಶಸ್ಸು ಹೌದು. ಅದನ್ನು ಕನ್ನಡ ರಂಗಭೂಮಿಯ ಯಶಸ್ಸೆಂದು ಕರೆಯುವ ಮುನ್ನ, ಸುಮಾರು 300 ಕಿಲೋಮೀಟರ್ ದೂರದ ವೆಳ್ಳಕೋಯಿಲಿನಲ್ಲಿ ಮನೆಯೊಳಗೆ ಕನ್ನಡವಾಡಿ, ಹೊರಗೆ ತಮಿಳು ನಾಟಕದ ಪ್ರೇಕ್ಷಕನಷ್ಟೇ ಆಗಬಲ್ಲವನನ್ನೂ ವಿಮರ್ಶೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಭಾಂಗಣದ ಆಸನಪಟ್ಟಿಯಲ್ಲಿ ಅವನ ಗೈರುಹಾಜರಿ ಖಾಲಿ ಕುರ್ಚಿಯಾಗಿಯೂ ಕಾಣಿಸುವುದಿಲ್ಲ.