ಗೊರುಕನ ಯಾರ ಆಸ್ತಿ?

ಬಿ.ಎ. ತರಗತಿಯಲ್ಲಿ ನಾಟಿ ಪದದ ಸೊಗಸು ವಿವರಿಸಿ ಎಂದರು. ಬರೆದೆವು, ಅಂಕವೂ ಬಂತು. ಆ ಪದ ಹಾಡಿದ ನಮ್ಮವ್ವಂದಿರ ಕೂಲಿ ಎಷ್ಟು ಅಂತ ಯಾರೂ ಕೇಳಲಿಲ್ಲ. ನಮ್ಮ ಜಾನಪದ ವಿಮರ್ಶೆಯ ಹಣೆಬರಹವೇ ಇಷ್ಟು: ಹಾಡು ಬೇಕು, ಹಾಡುವ ಬಾಯಿ ಬೇಡ.

ಸೋಲಿಗರ ಗೊರುಕನಕ್ಕೂ ಇದೇ ಗತಿ. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಹೆಣ್ಣು ಗಂಡು ಕೂಡಿ ಕುಣಿಯುವ ಈ ಹಾಡು ವೇದಿಕೆ ಹತ್ತಿ ಹತ್ತು ನಿಮಿಷದ ಮನರಂಜನೆ ಆಯಿತು. ಅದರೊಳಗಿನ ಮರ, ಹಕ್ಕಿ, ಪ್ರಾಣಿಗಳ ಹೆಸರನ್ನು ಪಂಡಿತರು ನಿಸರ್ಗಪ್ರೇಮ ಎಂದು ಕರೆದು ಕೈತೊಳೆದುಕೊಂಡರು. ನಿಸರ್ಗಪ್ರೇಮ ಅಲ್ಲ ಸ್ವಾಮಿ, ಅದು ಸೋಲಿಗರ ಪಹಣಿ!

1974ರಲ್ಲಿ ಈ ಕಾಡು ಅಭಯಾರಣ್ಯ ಆಯಿತು. ಒಳಗಿದ್ದವರನ್ನು ಎಬ್ಬಿಸಿ ಬೇರೆಡೆ ಕೂರಿಸಿದರು. ಒಣ ತರಗಿಗೆ ಹಾಕುತ್ತಿದ್ದ ಸಣ್ಣ ಬೆಂಕಿ, ಅದೇ ತರಗುಬೆಂಕಿ, ಅಪರಾಧ ಆಯಿತು. ಆ ಬೆಂಕಿ ನಿಂತಿದ್ದಕ್ಕೇ ಲಂಟಾನ ಹಬ್ಬಿತು, ನೆಲ್ಲಿಮರಕ್ಕೆ ಬದನಿಕೆ ಹತ್ತಿತು ಎಂದು ಹಿರಿಯರು ಹೇಳುತ್ತಲೇ ಬಂದರು. ಕೇಳುವವರು ಯಾರು?

ಪೋಡಿನ ಸಭೆಗಳು ಸುಮ್ಮನೆ ಕೂರಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಕೈಗೆತ್ತಿಕೊಂಡವು. ಒಂದೊಂದು ಕುಲದ ನೆಲಕ್ಕೂ ಎಲ್ಲೆ ಎಂದು ಹೆಸರು. ಒಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಸಂಶೋಧಕರನ್ನು ಜೊತೆಗಿಟ್ಟುಕೊಂಡು ಇಂಥ ನಾನೂರಕ್ಕೂ ಹೆಚ್ಚು ಜಾಗಗಳನ್ನು ನಕ್ಷೆಗೆ ತಂದರು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಘೋಷಣೆ ಬಂತು. ಹುಲಿವೀರಪ್ಪನಿಗೆ ಕೈಮುಗಿಯುವವರಿಗೇ ಹುಲಿ ಉಳಿಸುವ ಪಾಠ! ಅದೇ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿಕಾಡಿನೊಳಗೆ ದೇಶದಲ್ಲೇ ಮೊದಲು. ಜೇನು, ನೆಲ್ಲಿ ತರುವ, ಪೂಜೆ ಮಾಡುವ, ಕಾಡು ಕಾಯುವ ಹಕ್ಕು. ಕಾಗದ ಬಂದಿತೆಂದು ಜಗಳ ಮುಗಿಯಲಿಲ್ಲ, ನಿಜ. ಆದರೂ ಸಂಸ್ಕೃತಿ ಉಳಿಸುವುದು ಅಂದರೆ ಇದೇ. ಊರಿನ ಕ್ಷೇಮ ಬೇರೆ, ಸಂಸ್ಕೃತಿ ಬೇರೆ ಅನ್ನುವುದು ಕಚೇರಿ ಲೆಕ್ಕ. ಜೇನು ತರುವ ಹಕ್ಕಿದ್ದರೆ ಗಂಜಿ. ಗಂಜಿ ಇದ್ದರೆ ಹಾಡು.

ಸಭೆಗೂ ನಮ್ಮದೊಂದು ಮಾತಿದೆ. ಹಳೆಯ ಕುಲದ ನ್ಯಾಯದಲ್ಲಿ ಯಜಮಾನ, ತಮ್ಮಡಿ ಪಟ್ಟಗಳು ಗಂಡಸರವೇ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಪಾಲು ಹೆಂಗಸರಿರಲೇಬೇಕು ಎನ್ನುತ್ತದೆ ನಿಯಮ. ಗೆಣಸು ಅಗೆಯುವ ಅಕ್ಕ ಹೆಬ್ಬೆಟ್ಟು ಒತ್ತಿ ಹೋದರೆ ಸಾಲದು, ಮಾತಾಡಬೇಕು.

ನಾವು ಕವಿಗಳೇನು ಕಮ್ಮಿಯೇ? ಕಾಡಿನವರನ್ನು ರೂಪಕ ಮಾಡಿಕೊಂಡು ಚಪ್ಪಾಳೆ ಗಿಟ್ಟಿಸಿದ್ದೇವೆ. ಇನ್ನು ಗೊರುಕನದ ಮೇಲೆ ಒಂದು ಸಾಲು ಬರೆಯುವ ಮುಂಚೆ, ಯಾವುದಾದರೂ ಪೋಡಿನ ಸಭೆಯಲ್ಲಿ ನೆಲದ ಮೇಲೆ ಕೂತು, ಬಾಯಿ ಮುಚ್ಚಿಕೊಂಡು ಕೇಳಿ ಬರೋಣ.