ಹೆಡ್‌ಫೋನಿಗೊಂದು ಆಂಪ್ಲಿಫೈಯರ್ ಬೇಕೆ?

ಎರಡು ಸಾವಿರ ರೂಪಾಯಿಯೊಳಗೆ ಒಳ್ಳೆಯದೊಂದು ಹೆಡ್‌ಫೋನ್ ಹುಡುಕುವವರಿಗೆ ಎರಡು ಕಡೆಯಿಂದ ಬುದ್ಧಿಮಾತು ಬರುತ್ತದೆ. ಅಂಗಡಿಯವರು ‘ಬಾಸ್ ಭಾರೀ ಐತಿ, ತಗೊಳ್ರಿ’ ಅನ್ನುತ್ತಾರೆ. ಹವ್ಯಾಸಿಗಳು ‘ಬರೀ ಹೆಡ್‌ಫೋನ್ ಕೊಂಡರೆ ಸಾಲದು, ಜೊತೆಗೊಂದು ಆಂಪ್ಲಿಫೈಯರ್ ಇರಲೇಬೇಕು’ ಅನ್ನುತ್ತಾರೆ. ಮೊದಲನೆಯದು ಮಾರುವವರ ಮಾತೆಂದು ಎಲ್ಲರಿಗೂ ಗೊತ್ತು, ಅದರಿಂದ ಆಗುವ ಹಾನಿ ಕಡಿಮೆ. ಎರಡನೆಯದು ತಿಳಿದವರ ಬಾಯಿಂದ ಬರುತ್ತದಾದ್ದರಿಂದ ಜನ ನಂಬಿಬಿಡುತ್ತಾರೆ. ಗದಗ-ಬೆಟಗೇರಿಯ ಸುತ್ತಮುತ್ತ ಅದನ್ನು ನಂಬುವುದಕ್ಕೆ ಇನ್ನೊಂದು ಕಾರಣವೂ ಇದೆ. ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯಿರಲಿ, ಮುಂಡರಗಿಯ ಅನ್ನದಾನೀಶ್ವರ ಮಠದ ಕಾರ್ಯಕ್ರಮವಿರಲಿ, ಓಣಿಯ ಗಣಪತಿಯೇ ಇರಲಿ, ಮೈಕ್ ಸೆಟ್ಟಿನವರ ಗಾಡಿಯಲ್ಲಿ ಆಂಪ್ಲಿಫೈಯರ್ ಪೆಟ್ಟಿಗೆ ಇದ್ದೇ ಇರುತ್ತದೆ. ಅದು ದೊಡ್ಡದಿದ್ದರೆ ದನಿ ಚೊಕ್ಕ, ಸಣ್ಣದಾದರೆ ದನಿ ಒಡೆಯುತ್ತದೆ ಎಂಬುದು ಇಲ್ಲಿಯ ಎಲ್ಲರ ಕಿವಿಗೂ ಗೊತ್ತಿರುವ ಸಂಗತಿ. ಆದರೆ ಸಾವಿರ ಜನ ಕೂತ ಬಯಲಿಗೆ ಒಪ್ಪುವ ಈ ಲೆಕ್ಕ ಒಬ್ಬರ ಎರಡು ಕಿವಿಗೆ ಒಪ್ಪುವುದಿಲ್ಲ. ಹೊಸಬರಿಗೆ ಪ್ರತ್ಯೇಕ ಆಂಪ್ಲಿಫೈಯರ್ ಬೇಕಿಲ್ಲ ಎಂದಷ್ಟೇ ಹೇಳಿದರೆ ಅರ್ಧ ಮಾತಾಯಿತು. ಅದನ್ನು ಕೊಳ್ಳಿರಿ ಎಂಬ ಸಲಹೆ ಅವರ ಗಮನವನ್ನು ನಿಜವಾಗಿ ನೋಡಬೇಕಾದ ಸಂಗತಿಗಳಿಂದ ಬೇರೆಡೆಗೆ ಎಳೆದೊಯ್ಯುತ್ತದೆ, ನನ್ನ ತಕರಾರು ಮುಖ್ಯವಾಗಿ ಇದೇ.

ಮೊದಲು ಲೆಕ್ಕ ನೋಡೋಣ. ಹೆಡ್‌ಫೋನಿನ ಡಬ್ಬಿಯ ಮೇಲೆ ಎರಡು ಅಂಕಿಗಳು ಇರುತ್ತವೆ, ಇರಬೇಕು. ಒಂದು ಓಮ್‌ಗಳಲ್ಲಿ ಹೇಳುವ ಪ್ರತಿರೋಧ, ಇನ್ನೊಂದು ಒಂದು ಮಿಲಿವ್ಯಾಟ್ ವಿದ್ಯುತ್ತಿಗೆ ಎಷ್ಟು ಡೆಸಿಬೆಲ್ ದನಿ ಬರುತ್ತದೆ ಎನ್ನುವ ಸೂಕ್ಷ್ಮತೆ. ನಮ್ಮಲ್ಲಿ ಬಹಳ ಕಾಲದಿಂದ ಮಾರಾಟವಾಗುತ್ತಿರುವ ಸೋನಿ ಎಂಡಿಆರ್-ಝಡ್‌ಎಕ್ಸ್110 ತೆಗೆದುಕೊಳ್ಳಿ: 24 ಓಮ್, 98 ಡೆಸಿಬೆಲ್. ತೀರಾ ಸಾಧಾರಣ ಮೊಬೈಲಿನ ಜ್ಯಾಕ್ ಅರ್ಧ ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಂಡರೂ 24 ಓಮಿಗೆ ಸುಮಾರು 10 ಮಿಲಿವ್ಯಾಟ್ ಸಿಗುತ್ತದೆ, ಅಂದರೆ 108 ಡೆಸಿಬೆಲ್ ದನಿ. ಸ್ಟುಡಿಯೋ ಕೆಲಸಕ್ಕೆಂದು ಮಾಡಿದ ಆಡಿಯೊ-ಟೆಕ್ನಿಕಾ ಎಂ20ಎಕ್ಸ್ 47 ಓಮ್, 96 ಡೆಸಿಬೆಲ್. ಅದೇ ಅರ್ಧ ವೋಲ್ಟಿನಲ್ಲಿ 103 ಡೆಸಿಬೆಲ್ ಮುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆ ಕೇಳಬಹುದಾದ ಸುರಕ್ಷಿತ ಮಟ್ಟ 80 ಡೆಸಿಬೆಲ್. ದನಿ 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ, 90ಕ್ಕೆ ಬಂದಾಗ ವಾರಕ್ಕೆ 4 ಗಂಟೆ ಮಾತ್ರ. ಹಾಡಿನ ನಡುವೆ ಥಟ್ಟನೆ ಏರುವ ತಬಲಾ ಪೆಟ್ಟಿಗೋ ತಾರಸಪ್ತಕದ ತಾನಿಗೋ ಸರಾಸರಿಗಿಂತ 15-20 ಡೆಸಿಬೆಲ್ ಹೆಚ್ಚಿಗೆ ಬೇಕಾಗುತ್ತದೆ ಎಂದು ಬಿಟ್ಟರೂ ಈ ಎರಡು ಹೆಡ್‌ಫೋನ್‌ಗಳಿಗೆ ಮೊಬೈಲಿನ ಶಕ್ತಿಯೇ ಸಾಕು. ಇಷ್ಟಾದ ಮೇಲೂ ವ್ಯಾಟ್‌ಗಟ್ಟಲೆ ಶಕ್ತಿಯ ಆಂಪ್ಲಿಫೈಯರ್ ತರುವುದೆಂದರೆ ತುಳಸಿಕಟ್ಟೆಗೆ ನೀರು ಹಾಕಲು ಹತ್ತು ಎಚ್‌ಪಿ ಮೋಟಾರು ಕೂಡಿಸಿದ ಹಾಗೆ. ನೀರೇನೋ ಬರುತ್ತದೆ, ಗಿಡ ಉಳಿಯುತ್ತದೋ ಇಲ್ಲವೋ ಹೇಳುವಂತಿಲ್ಲ.

ದನಿಯ ಜೋರು ಬೇರೆ, ಗುಣ ಬೇರೆ, ಆಂಪ್ಲಿಫೈಯರ್ ಕೊಡುವುದು ಗುಣವನ್ನು ಎಂದು ಇದಕ್ಕೆ ಉತ್ತರ ಬರುತ್ತದೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ಬದಲಾವಣೆ ನಿಜವಾಗಿಯೂ ಕೇಳಿಸಿರುತ್ತದೆ. ಆದರೆ ಕೇಳಿಸಿದ್ದು ಏನು? ಒಂದು ಡೆಸಿಬೆಲ್‌ನಷ್ಟು ಸಣ್ಣ ಏರಿಕೆ ನಮ್ಮ ಕಿವಿಗೆ ಜೋರಾಗಿ ಕೇಳಿಸುವುದಿಲ್ಲ, ‘ಚೊಲೋ’ ಆಗಿ ಕೇಳಿಸುತ್ತದೆ. ದನಿ ತುಂಬಿಕೊಂಡಿತು, ಬಿಡಿಸಿಟ್ಟಂತಾಯಿತು, ಕೆಳಸ್ವರ ಗಟ್ಟಿಯಾಯಿತು ಅನ್ನಿಸುತ್ತದೆ. ಆಂಪ್ಲಿಫೈಯರ್ ಸಿಕ್ಕಿಸಿದಾಗ ದನಿ ಮೊಬೈಲಿಗಿಂತ ಒಂದೆರಡು ಡೆಸಿಬೆಲ್ ಮೇಲೇ ಇರುತ್ತದೆ, ಅದನ್ನು ಮೀಟರ್ ಹಿಡಿದು ಸಮ ಮಾಡಿ ಹೋಲಿಸುವ ತಾಳ್ಮೆ ಯಾರಿಗಿದೆ? ಸಮ ಮಾಡಿ, ಯಾವುದು ಯಾವುದೆಂದು ತಿಳಿಸದೆ ಕೇಳಿಸಿದರೆ ಸರಿಯಾಗಿ ಕೆಲಸ ಮಾಡುವ ಎರಡು ಆಂಪ್ಲಿಫೈಯರ್‌ಗಳನ್ನು ಬೇರೆ ಮಾಡಿ ಗುರುತಿಸುವುದು ಬಲು ಕಷ್ಟ. ಸಾಧಾರಣ ಆಂಪ್ಲಿಫೈಯರ್ ಕೂಡ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಅರ್ಧ ಡೆಸಿಬೆಲ್ ಆಚೀಚೆ ಆಗದಂತೆ ದನಿಯನ್ನು ದಾಟಿಸುತ್ತದೆ. ಅದೇ ಒಂದು ಹೆಡ್‌ಫೋನಿಗೂ ಇನ್ನೊಂದಕ್ಕೂ ನಡುವೆ ಕೆಲವು ಸ್ವರಗಳಲ್ಲಿ 5ರಿಂದ 10 ಡೆಸಿಬೆಲ್ ವ್ಯತ್ಯಾಸ ಸಾಮಾನ್ಯ. ದನಿಯ ಬಣ್ಣ ತೀರ್ಮಾನವಾಗುವುದು ಹೆಡ್‌ಫೋನಿನಲ್ಲಿ. ಆಂಪ್ಲಿಫೈಯರಿನ ಪಾಲು ಅದರ ಮುಂದೆ ಲೆಕ್ಕಕ್ಕಿಲ್ಲ.

ಹಾಗಾದರೆ ದುಬಾರಿ ಹೆಡ್‌ಫೋನ್ ಕೊಂಡರೆ ಬಣ್ಣ ಸರಿಹೋಗುತ್ತದೆಯೇ? ಅದೂ ಖಾತ್ರಿಯಿಲ್ಲ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನ್‌ಗಳ ಅಳತೆಗಳನ್ನು ಬೆಲೆಯ ಜೊತೆ ಇಟ್ಟು ನೋಡಿದಾಗ ಬೆಲೆಗೂ ದನಿಯ ಹಂಚಿಕೆಗೂ ಸಂಬಂಧವೇ ಕಾಣಲಿಲ್ಲ. ಸಾವಿರ ರೂಪಾಯಿಯವರ ಪಾಲಿಗೆ ಇದು ಶುಭಸುದ್ದಿ, ಎಚ್ಚರಿಕೆಯೂ ಹೌದು. ಅಗ್ಗದ್ದರಲ್ಲಿ ಒಳ್ಳೆಯದು ಇದೆ, ಆದರೆ ಅದು ತಾನಾಗಿ ಕೈಗೆ ಬರುವುದಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಸಾವಿರದ ಆಸುಪಾಸಿನ ಹೆಚ್ಚಿನ ಮಾಲು ಬಾಸ್ ಏರಿಸಿದ್ದು. ಡಿಜೆ ಹಾಡಿಗೆ ಅದು ಹಿತ. ಖ್ಯಾಲ್, ವಚನ, ತತ್ವಪದ, ರಂಗಗೀತೆ ಕೇಳುವವರಿಗೆ ಅದರಿಂದ ತೊಂದರೆಯೇ ಹೆಚ್ಚು, ಏಕೆಂದರೆ ಜೋರಾದ ಕೆಳಸ್ವರ ತನಗಿಂತ ಮೇಲಿನ ಸ್ವರಗಳನ್ನು ಮುಚ್ಚುವುದು ಕಿವಿಯ ಸ್ವಭಾವ. ತಬಲಾ ಜೋಡಿಯ ಡಗ್ಗಾದ ಗುಂ ಎನ್ನುವ ನಾದ ಉಬ್ಬಿ ಗಾಯಕನ ಮಂದ್ರದ ಮೇಲೆ ಕೂತುಬಿಡುತ್ತದೆ, ತಂಬೂರಿಯ ಜವಾರಿ ಮಬ್ಬಾಗುತ್ತದೆ. ಈ ರೋಗಕ್ಕೆ ಆಂಪ್ಲಿಫೈಯರ್ ಮದ್ದಲ್ಲ, ಅದು ಉಬ್ಬಿದ್ದನ್ನು ಉಬ್ಬಿದ ಹಾಗೇ ದೊಡ್ಡದು ಮಾಡಿ ಕೊಡುತ್ತದೆ. ಮೊಬೈಲಿನಲ್ಲೇ ಇರುವ ಈಕ್ವಲೈಸರಿನಲ್ಲಿ 100-200 ಹರ್ಟ್ಸ್ ಸುತ್ತಲಿನ ಪಟ್ಟಿಯನ್ನು ನಾಲ್ಕು ಡೆಸಿಬೆಲ್ ಇಳಿಸಿದರೆ ಬಿಡಿಗಾಸಿನ ಖರ್ಚಿಲ್ಲದೆ ಅರ್ಧ ಕೆಲಸವಾದೀತು.

ಸಂಗೀತದ ಜೀವ ಎಲ್ಲಿದೆ ಎಂಬುದಕ್ಕೆ ಗದಗಿನದೇ ಒಂದು ಸಾಕ್ಷಿ ಇದೆ. ರೋಣದಲ್ಲಿ 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿ ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ, ಇದೇ ರೀತಿ ಹಾಡಬೇಕೆಂದು ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟ ಕಥೆ ಎಲ್ಲರಿಗೂ ಗೊತ್ತು. ಆ ಕಾಲದ ಚಾವಿ ಗ್ರಾಮಫೋನಿನಲ್ಲಿ ವಿದ್ಯುತ್ತೂ ಇರಲಿಲ್ಲ, ಆಂಪ್ಲಿಫೈಯರೂ ಇರಲಿಲ್ಲ. ಸೂಜಿ, ತೆಳ್ಳನೆಯ ಪೊರೆ, ಕಹಳೆ, ಇಷ್ಟೇ. ಅರಗಿನ ತಟ್ಟೆಗಳು ಹಿಡಿದಿಡುತ್ತಿದ್ದುದು ಹೆಚ್ಚೆಂದರೆ 5-6 ಸಾವಿರ ಹರ್ಟ್ಸ್‌ವರೆಗಿನ ನಾದವನ್ನು, ಹಳೆಯ ತಟ್ಟೆಗಳಾದರೆ ಅದರ ಅರ್ಧ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರದ ವ್ಯಾಪ್ತಿಯೂ ಹೆಚ್ಚುಕಡಿಮೆ ಅಷ್ಟೇ. ಈ ನಾಡಿನ ಎರಡು-ಮೂರು ತಲೆಮಾರಿನ ಕೇಳುಗರು ತಯಾರಾದದ್ದು ಆ ಇಕ್ಕಟ್ಟಿನ ನಾದದಲ್ಲಿ. ಇದನ್ನು ಹೇಳಿದ್ದರ ಅರ್ಥ ಕಳಪೆ ಸಾಮಗ್ರಿ ಸಾಕು ಎಂದಲ್ಲ. ಇಂದಿನ ಒಳ್ಳೆಯ ಹೆಡ್‌ಫೋನ್ ಕೊಡುವ ಉಸಿರಾಟದ ಸದ್ದು, ತಂಬೂರಿಯ ಮೇಲುನಾದ ಆ ತಟ್ಟೆಗಳಲ್ಲಿ ಇರಲೇ ಇಲ್ಲ. ಆದರೆ ಕಂಠದ ರಾಗ, ಮೀಂಡ, ಅಕ್ಷರದ ಸ್ಪಷ್ಟತೆ ಇರುವುದು ಸುಮಾರು 200ರಿಂದ 4,000 ಹರ್ಟ್ಸ್ ನಡುವಿನ ಪಟ್ಟಿಯಲ್ಲಿ. ಆ ಪಟ್ಟಿಯನ್ನು ಕೆಡಿಸದ ಹೆಡ್‌ಫೋನ್ ಮೊದಲ ಆಯ್ಕೆಯಾಗಬೇಕು, ಡಬ್ಬಿಯ ಮೇಲೆ 40,000 ಹರ್ಟ್ಸ್ ಎಂದು ಬರೆದಿದ್ದರೂ ಬರೆಯದಿದ್ದರೂ.

ತಂತಿಯದೋ, ಬ್ಲೂಟೂತಿನದೋ ಎಂಬ ಪ್ರಶ್ನೆಯನ್ನು ಬಿಟ್ಟು ಈ ಚರ್ಚೆ ಪೂರ್ತಿಯಾಗದು. ನೆಕ್‌ಬ್ಯಾಂಡ್, ಬಡ್ಸ್ ಕೊಂಡವರಿಗೆ ಆಂಪ್ಲಿಫೈಯರಿನ ಪ್ರಶ್ನೆಯೇ ಏಳುವುದಿಲ್ಲ, ಅದು ಒಳಗೇ ಕೂತಿರುತ್ತದೆ. ಬರೀ ಕೇಳುವುದಾದರೆ ಅವೂ ಆದೀತು. ಆದರೆ ಗದಗಿನಲ್ಲಿ ಹೆಡ್‌ಫೋನಿಗೆ ಕೇಳುವುದಕ್ಕಿಂತ ದೊಡ್ಡ ಕೆಲಸವಿದೆ. ಪಂಚಾಕ್ಷರ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಿಂದಾಗಿ ಇದು ಸಂಗೀತ ಕಲಿಯುವವರ ಊರು, ಅದರಲ್ಲೂ ಕಣ್ಣಿಲ್ಲದವರು ಸಂಗೀತದಿಂದ ಬದುಕು ಕಟ್ಟಿಕೊಂಡ ಊರು. ಕಲಿಯುವವರಿಗೆ ಬ್ಲೂಟೂತಿನ ವಿಳಂಬ ಕಾಡುತ್ತದೆ. ಸಾಧಾರಣ ಬ್ಲೂಟೂತಿನಲ್ಲಿ ದನಿ 200 ಮಿಲಿಸೆಕೆಂಡಿನಷ್ಟು ತಡವಾಗಿ ಕಿವಿ ಮುಟ್ಟುವುದುಂಟು. ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ ಒಂದು ಮಾತ್ರೆಗೆ 500 ಮಿಲಿಸೆಕೆಂಡ್, ಅಂದಮೇಲೆ ಇದು ಮಾತ್ರೆಯ ಐದರಲ್ಲಿ ಎರಡು ಪಾಲು. ತಬಲಾ ಆ್ಯಪ್ ಹಾಕಿಕೊಂಡು ಹಾಡುವುದಕ್ಕೆ ಇದರಿಂದ ಅಡ್ಡಿಯಿಲ್ಲ, ಕೇಳಿಸಿದ ಠೇಕಾಕ್ಕೆ ಹಾಡಿದರಾಯಿತು. ತನ್ನ ದನಿಯನ್ನೇ ಹೆಡ್‌ಫೋನಿನಲ್ಲಿ ಕೇಳುತ್ತ ರೆಕಾರ್ಡ್ ಮಾಡಹೋದರೆ ಮಾತ್ರ ಲಯ ಜಾರುತ್ತದೆ. ತೆರೆಯ ಮೇಲಿನದನ್ನು ಓದಿಹೇಳುವ ಟಾಕ್‌ಬ್ಯಾಕ್ ಬಳಸಿ ಮೊಬೈಲ್ ನಡೆಸುವ ಅಂಧರಿಗಂತೂ ಬೆರಳು ಮುಂದೆ ಹೋದ ಮೇಲೆ ಹಿಂದಿನ ಅಕ್ಷರ ಕೇಳಿಸುತ್ತದೆ. ದನಿಯಿಲ್ಲದ ಹೊತ್ತಿನಲ್ಲಿ ನಿದ್ದೆಹೋಗುವ ಅಗ್ಗದ ಬಡ್ಸ್ ಎಚ್ಚರಾಗುವಷ್ಟರಲ್ಲಿ ಪದದ ಮೊದಲ ಅಕ್ಷರ ನುಂಗಿಹೋಗಿರುತ್ತದೆ. ಇವರಿಗೆ ತಂತಿಯ ಸಾದಾ ಹೆಡ್‌ಫೋನಿಗಿಂತ ಉತ್ತಮವಾದದ್ದು ಇಲ್ಲ. ತಂತಿಯದಕ್ಕೆ ಇನ್ನೊಂದು ಅನುಕೂಲ, ರಿಪೇರಿ. ಬಡ್ಸಿನ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಸೋತರೆ ಅದನ್ನು ಬಿಚ್ಚಿ ಹಾಕುವವರು ಸಿಗುವುದು ಕಷ್ಟ. ತಂತಿ ತುಂಡಾಗುವುದು ಹೆಚ್ಚಾಗಿ ಪಿನ್ನಿನ ಬುಡದಲ್ಲಿ, ಹೊಸ ಪಿನ್ ಬೆಸುಗೆ ಹಾಕಿಕೊಡುವ ಕೈ ಲಕ್ಷ್ಮೇಶ್ವರದಲ್ಲೂ ಸಿಗುತ್ತದೆ. ತಂತಿ ಕಳಚಿ ಬದಲಿಸಬಹುದಾದ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು.

ಬಸ್ಸಿನಲ್ಲಿ, ಬೆಟಗೇರಿಯ ಮಗ್ಗದ ಸದ್ದಿನ ನಡುವೆ ದನಿ ಸಾಲುವುದಿಲ್ಲ, ಅದಕ್ಕಾದರೂ ಹೆಚ್ಚಿನ ಶಕ್ತಿ ಬೇಕಲ್ಲ ಎಂದು ಕೇಳಬಹುದು. ಇದೇ ಎಲ್ಲಕ್ಕಿಂತ ಅಪಾಯದ ವಾದ. ಹೊರಗಿನ ಗದ್ದಲವನ್ನು ಒಳಗಿನ ಗದ್ದಲದಿಂದ ಗೆಲ್ಲಹೊರಟರೆ ಸೋಲುವುದು ಕಿವಿಯೇ. ಗದ್ದಲಕ್ಕೆ ಪರಿಹಾರ ತಡೆ. ಕಿವಿಯೊಳಗೆ ಸರಿಯಾಗಿ ಕೂರುವ ರಬ್ಬರ್ ಬೂಚಿನ ಇಯರ್‌ಫೋನ್ ಮಾತಿನ ಸ್ವರಮಟ್ಟದ ಸದ್ದನ್ನು 20 ಡೆಸಿಬೆಲ್‌ನಷ್ಟು ತಗ್ಗಿಸಬಲ್ಲದು. ಹೀಗೆ ತಗ್ಗಿದ್ದರಿಂದ ಸಿಗುವ ಸ್ಪಷ್ಟತೆಯನ್ನು ಜೋರಿನಿಂದ ಪಡೆಯಬೇಕಾದರೆ ಶಕ್ತಿ ನೂರು ಪಟ್ಟು ಬೇಕು. ಡಬ್ಬಿಯಲ್ಲಿ ಬರುವ ಮೂರು ಅಳತೆಯ ಬೂಚುಗಳಲ್ಲಿ ಎರಡನ್ನು ಎಷ್ಟೋ ಜನ ಮುಟ್ಟಿಯೂ ನೋಡುವುದಿಲ್ಲ. ಅಳತೆ ತಪ್ಪಿ ಸಂದು ಬಿಟ್ಟರೆ ಕೆಳಸ್ವರ ಸೋರಿಹೋಗಿ ದನಿ ಪೀಚಾಗುತ್ತದೆ, ಆಗ ‘ಇದಕ್ಕೆ ಪವರ್ ಸಾಲದು’ ಎಂಬ ತೀರ್ಪು ಹೊರಡುತ್ತದೆ. ಮನೆಯಲ್ಲೇ ಕೇಳುವವರು ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್ ತರಬಹುದು, ಆದರೆ ನಮ್ಮ ಚೈತ್ರ-ವೈಶಾಖದ ಬಿಸಿಲಿಗೆ ನಕಲಿ ಚರ್ಮದ ದಿಂಬು ಬೆವರುತ್ತದೆ, ವರ್ಷದೊಳಗೆ ಹೊಪ್ಪಳೆ ಏಳುತ್ತದೆ. ಬಟ್ಟೆಯ ದಿಂಬು ಇದ್ದರೆ ಮೇಲು.

ಆಂಪ್ಲಿಫೈಯರ್ ನಿಜವಾಗಿ ಬೇಕಾದ ಜಾಗವೂ ಇದೆ, ಅದನ್ನು ಮುಚ್ಚಿಡಬಾರದು. ಬೈಯರ್‌ಡೈನಮಿಕ್ ಡಿಟಿ 990 ಪ್ರೊ ಹೆಡ್‌ಫೋನಿನ 250 ಓಮಿನ ಮಾದರಿಗೆ 96 ಡೆಸಿಬೆಲ್ ಸೂಕ್ಷ್ಮತೆ. ಅರ್ಧ ವೋಲ್ಟಿನಲ್ಲಿ ಅದಕ್ಕೆ ಸಿಗುವುದು ಒಂದೇ ಮಿಲಿವ್ಯಾಟ್, ಅಂದರೆ ಏರಿದ ಹಂತದಲ್ಲೂ 96 ಡೆಸಿಬೆಲ್ ದಾಟದು. ತಗ್ಗಿದ ದನಿಯಲ್ಲಿ ಮುದ್ರಿತವಾದ ಹಳೆಯ ಮೈಫಿಲಿನ ಟೇಪು ಹಾಕಿದರೆ ದನಿ ಸಾಲದೆ ಹೋಗಬಹುದು. ಆದರೆ ಇದು ಮೊದಲ ಹೆಡ್‌ಫೋನ್ ಕೊಳ್ಳುವವರ ಬೆಲೆಯದಲ್ಲ. ಮುಂದೆಂದೋ ಇಂಥದ್ದನ್ನು ಕೊಂಡೇವೆಂದು ಇಂದೇ ಆಂಪ್ಲಿಫೈಯರ್ ತಂದಿಡುವುದು ಜಾಣತನವೂ ಅಲ್ಲ, ಆ ಮಾದರಿಗಳಲ್ಲೇ ಕಡಿಮೆ ಓಮಿನವು ಈಗ ಬರುತ್ತಿವೆ. ಇನ್ನೊಂದು, ಕೆಲವು ಹಳೆಯ ಕಂಪ್ಯೂಟರುಗಳ ಜ್ಯಾಕಿನಲ್ಲಿ ಸುಂಯ್ ಎನ್ನುವ ಸದ್ದು ಬರುತ್ತದೆ, ಜ್ಯಾಕಿನದೇ ಪ್ರತಿರೋಧ ಹೆಚ್ಚಾಗಿದ್ದು ಇಯರ್‌ಫೋನಿನ ದನಿಯ ಬಣ್ಣ ಬದಲಾಗುವುದೂ ಉಂಟು. ಜ್ಯಾಕಿನ ಪ್ರತಿರೋಧ ಹೆಡ್‌ಫೋನಿನದರ ಎಂಟನೇ ಒಂದು ಪಾಲಿಗಿಂತ ಕಡಿಮೆ ಇರಬೇಕೆಂಬುದು ಬಲ್ಲವರ ರೂಢಿಯ ಲೆಕ್ಕ. ಇದಕ್ಕೂ, ಜ್ಯಾಕೇ ಇಲ್ಲದ ಹೊಸ ಮೊಬೈಲುಗಳಿಗೂ ಒಂದೇ ಉತ್ತರ: ಹೆಬ್ಬೆರಳಿನಷ್ಟು ಗಾತ್ರದ ಯುಎಸ್‌ಬಿ-ಸಿ ಡಾಂಗಲ್. ಒಳ್ಳೆಯದು ಒಂದು ವೋಲ್ಟ್ ಕೊಡುತ್ತದೆ. ಅದರೊಳಗೂ ಒಂದು ಪುಟ್ಟ ಆಂಪ್ಲಿಫೈಯರ್ ಇದೆ ಎಂದು ಯಾರಾದರೂ ವಾದಿಸಿದರೆ ಒಪ್ಪಿಕೊಳ್ಳೋಣ. ಹೊಸಬರಿಗೆ ಬೇಕಾದ ಆಂಪ್ಲಿಫೈಯರ್ ಅಷ್ಟೇ ದೊಡ್ಡದು.

ಕೊಳ್ಳುವ ಮುನ್ನ ಕೇಳಿ ನೋಡಲು ಇಲ್ಲಿ ಶೋರೂಮುಗಳಿಲ್ಲ ಎಂಬುದು ನಿಜವಾದ ಕೊರತೆ. ಅದಕ್ಕೆ ಬದಲಾಗಿ ಬೆಂಗಳೂರಿನ ಶೋರೂಮಿನಲ್ಲೂ ಸಿಗದ ಅಳತೆಗೋಲೊಂದು ಇಲ್ಲಿಯವರ ಬಳಿ ಇದೆ. ಸಂಗೀತ ಪಾಠದ ಮನೆಯಲ್ಲಿ, ಭಜನೆಯ ಮೇಳದಲ್ಲಿ ಎರಡು ಮಾರು ದೂರದಿಂದ ಕೇಳಿದ ಹಾರ್ಮೋನಿಯಂ, ತಂಬೂರಿ, ತಬಲಾ ಇವರ ಕಿವಿಯಲ್ಲಿವೆ. (ಲಕ್ಷ್ಮೇಶ್ವರದ ಪುಲಿಗೆರೆ ಉತ್ಸವದಂಥ ದೊಡ್ಡ ಕಛೇರಿಯಲ್ಲಿ ಕೇಳುವುದು ಮೈಕಿನ ದನಿ, ಅದನ್ನು ಅಳತೆಗೆ ಹಿಡಿಯಬಾರದು.) ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ, ಹೆಡ್‌ಫೋನಿನಲ್ಲಿ ಹಾರ್ಮೋನಿಯಂ ಹಾರ್ಮೋನಿಯಂನಂತೆ ಕೇಳುತ್ತದೆಯೇ ಎಂದು ನೋಡಿದರೆ ಎರಡು ನಿಮಿಷದಲ್ಲಿ ತೀರ್ಮಾನ ಸಿಗುತ್ತದೆ. ಹಾಗೆ ನೋಡಲು ಡಬ್ಬಿ ಒಡೆಯಬೇಕು, ಒಡೆದರೆ ಮಾಲು ಹಳೆಯದಾಯಿತು ಎನ್ನುವುದು ಅಂಗಡಿಯವರ ಕಷ್ಟ, ಅದೂ ನ್ಯಾಯವೇ. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಮೊಬೈಲ್ ಅಂಗಡಿಯವರು ಹೆಚ್ಚು ಮಾರಾಟವಾಗುವ ಎರಡೋ ಮೂರೋ ಮಾದರಿಗಳನ್ನಾದರೂ ಒಡೆದು, ಒಂದು ಬಟ್ಟೆ ಮತ್ತು ಸ್ಪಿರಿಟ್ ಬಾಟಲಿಯ ಜೊತೆ ಗಲ್ಲೆಯ ಪಕ್ಕ ನೇತುಹಾಕಲಿ. ಗಿರಾಕಿಗಳೂ ಬಾಸ್ ಎಷ್ಟಿದೆ ಎಂದು ಕೇಳುವ ಬದಲು ‘ಒಮ್ಮೆ ಹಾಕ್ಕೊಂಡು ನೋಡ್ಲೇನ್ರಿ?’ ಎಂದು ಕೇಳಲಿ.